ನಾಲ್ಕು ಲೋಟ, ಒಂದು ಹುಣಸೆಬೀಜ

ಕಂಪ್ಯೂಟರ್ ವಿಭಾಗಕ್ಕೆ ಹೊಸದಾಗಿ ಪಾಠ ಮಾಡಲು ಸೇರುವವರಿಗೆ ಮೊದಲೇ ಒಂದು ಎಚ್ಚರಿಕೆ. ಸೇರಿದ ವಾರವೇ ಮುಖ್ಯಸ್ಥರು ನಿಮ್ಮನ್ನು ಕೋಣೆಗೆ ಕರೆದು, ಕುರ್ಚಿ ತೋರಿಸಿ, ಊರು ಮನೆ ವಿಚಾರಿಸಿ, ಚಹಾ ತರಿಸಿದರೆ ಸಂತೋಷಪಡಬೇಡಿ. ಆಟೋಮಾಟಾ ಪಾಠವನ್ನು ನಿಮ್ಮ ತಲೆಗೆ ಕಟ್ಟಲು ಹೊರಟಿದ್ದಾರೆ ಎಂದೇ ಅರ್ಥ. ಹಿರಿಯರೆಲ್ಲ ಅಷ್ಟರಲ್ಲಿ ಅದರಿಂದ ನುಣುಚಿಕೊಂಡಾಗಿರುತ್ತದೆ. ನನಗೂ ಚಹಾ ಕುಡಿಸಿಯೇ ಕೊಟ್ಟರು. ನಿವೃತ್ತಿಯ ದಿನದವರೆಗೆ ಅದು ನನ್ನನ್ನು ಬಿಡಲಿಲ್ಲ, ನಡುವೆ ಎಲ್ಲಿಂದಲೋ ನಾನೂ ಅದನ್ನು ಬಿಡದಾದೆ.

ನನ್ನ ಹೆಸರು ವಾರಿಜ, ಊರು ಕಾಪು. ಕೆಲಸ ಮಾಡಿದ್ದು ಮಣಿಪಾಲದಿಂದ ಕಾರ್ಕಳಕ್ಕೆ ಹೋಗುವ ದಾರಿಯಲ್ಲಿರುವ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ. ಅದರ ಹೆಸರು ಬೇಡ, ಅಲ್ಲಿ ಇನ್ನೂ ನನ್ನ ಗುರುತಿನವರಿದ್ದಾರೆ. ಉಪನ್ಯಾಸಕಿಯಾಗಿ ಸೇರಿ ಪ್ರಾಧ್ಯಾಪಕಿಯಾಗಿ ಹೊರಬಂದೆ. ನಡುವೆ ಏನೇನೋ ಬಡ್ತಿಗಳು ಬಂದವು. ಕೋಣೆಯ ಬಾಗಿಲಿನ ಬೋರ್ಡು ಬದಲಾಯಿತು, ಒಳಗಿನ ಫ್ಯಾನು ಬದಲಾಗಲಿಲ್ಲ. ನಾನು ಕಲಿಸಿದ ಶಾಸ್ತ್ರದ ಪ್ರಕಾರ, ಮುಂದೆ ಯಾವ ವ್ಯತ್ಯಾಸವನ್ನೂ ಮಾಡದ ಎರಡು ಸ್ಥಿತಿಗಳನ್ನು ಸೇರಿಸಿ ಒಂದೇ ಎಂದು ಬರೆಯಬೇಕು. ಆದ್ದರಿಂದ ಬಡ್ತಿಯ ವಿಷಯ ಇಲ್ಲಿಗೆ ಮುಗಿಯಿತು.

ಆ ಶಾಸ್ತ್ರ ಎಂಥದು ಎಂದು ಹೇಳದೆ ಮುಂದಿನ ಕಥೆ ಹೇಳುವಂತಿಲ್ಲ. ಆಟೋಮಾಟಾ ಎಂದರೆ ಕಾಗದದ ಮೇಲಿನ ಒಂದು ಯಂತ್ರ. ಅಕ್ಷರಗಳ ಸಾಲೊಂದನ್ನು ಎಡದಿಂದ ಬಲಕ್ಕೆ ಒಂದೊಂದಾಗಿ ಓದುತ್ತದೆ, ಕೊನೆಗೆ ಹೌದು ಅಥವಾ ಅಲ್ಲ ಎನ್ನುತ್ತದೆ. ಹೌದು ಎನಿಸಿಕೊಂಡ ಸಾಲುಗಳೆಲ್ಲ ಸೇರಿದರೆ ಅದಕ್ಕೆ ನಮ್ಮಲ್ಲಿ ಭಾಷೆ ಎಂದು ಹೆಸರು. ಓದಿದ್ದನ್ನೆಲ್ಲ ನೆನಪಿಡಲು ಆ ಯಂತ್ರಕ್ಕೆ ಜಾಗವಿಲ್ಲ, ಈಗ ಎಲ್ಲಿದ್ದೇನೆ ಎಂದು ಗುರುತಿಟ್ಟುಕೊಳ್ಳಲು ಕೆಲವೇ ಸ್ಥಿತಿಗಳಿವೆ. ಎಷ್ಟು ಕಡಿಮೆ ಸ್ಥಿತಿಗಳಲ್ಲಿ ಕೆಲಸ ನಡೆದೀತು ಎಂದು ಹುಡುಕುವುದೇ ಕನಿಷ್ಠ ಯಂತ್ರದ ಪಾಠ.

ಮೊದಲ ವರ್ಷ ಇದನ್ನು ಪುಸ್ತಕದಲ್ಲಿದ್ದ ಹಾಗೆಯೇ ಒಪ್ಪಿಸಿದೆ. ಮಧ್ಯಾಹ್ನ ಊಟವಾದ ಮೇಲಿನ ತರಗತಿ. ಕಿಟಕಿಯ ಕಡೆಯ ಇಡೀ ಸಾಲು ನಿದ್ದೆಗೆ ಬಿತ್ತು. ಒಬ್ಬ ಹುಡುಗನಂತೂ ಕಣ್ಣು ಬಿಟ್ಟುಕೊಂಡೇ ಮಲಗುವ ವಿದ್ಯೆ ಕಲಿತಿದ್ದ. ನನಗೆ ಸಿಟ್ಟು ನೆತ್ತಿಗೇರಿತು. ಹೊರಗೆ ಹೋಗಿ ಕ್ಯಾಂಟೀನಿನಿಂದ ನಾಲ್ಕು ಸ್ಟೀಲ್ ಲೋಟಗಳನ್ನು ಮತ್ತು ಒಂದು ಹುಣಸೆಬೀಜವನ್ನು ತಂದೆ. ಕ್ಯಾಂಟೀನಿನವರು, ಪಾಠಕ್ಕೆ ಲೋಟ ಎಂತಕ್ಕೆ ಮೇಡಮ್, ಸರಿಯಾಗಿ ವಾಪಸು ಕೊಡಿ ಆಯ್ತಾ ಎಂದು ಗೊಣಗಿದರು. ಲೋಟಗಳನ್ನು ಮೇಜಿನ ಮೇಲೆ ಸಾಲಾಗಿ ಬೋರಲು ಹಾಕಿ, ಮೊದಲನೆಯದರ ಕೆಳಗೆ ಬೀಜವಿಟ್ಟೆ.

ಆಟ ಇಷ್ಟೇ. ಎರಡೇ ಅಪ್ಪಣೆಗಳು. 'ತಿರುಗು' ಎಂದರೆ ಪ್ರತಿ ಲೋಟವೂ ಒಂದು ಜಾಗ ಬಲಕ್ಕೆ ಸರಿಯಬೇಕು, ಕೊನೆಯದು ಮೊದಲ ಜಾಗಕ್ಕೆ ಬರಬೇಕು. 'ಅದಲು' ಎಂದರೆ ಮೊದಲ ಎರಡು ಲೋಟಗಳು ಜಾಗ ಬದಲಿಸಿಕೊಳ್ಳಬೇಕು. ಅಪ್ಪಣೆಗಳ ಒಂದು ಸಾಲನ್ನು ಕೂಗುತ್ತೇನೆ. ಎಲ್ಲ ಮುಗಿದ ಮೇಲೆ ಬೀಜ ನಡುವಿನ ಎರಡು ಜಾಗಗಳಲ್ಲಿ ಒಂದರಲ್ಲಿದ್ದರೆ ಹೌದು, ಇಲ್ಲದಿದ್ದರೆ ಅಲ್ಲ. ಹೀಗೆ ಲೋಟಗಳನ್ನು ಎಷ್ಟು ಬಗೆಯಲ್ಲಿ ಹೊಂದಿಸಬಹುದೋ ಆ ಬಗೆಗಳೆಲ್ಲ ಸೇರಿದರೆ ಗಣಿತದವರ ಅದಲುಬದಲಿನ ಗ್ರೂಪ್. ಹೌದು ಬರುವ ಸಾಲುಗಳು ಸೇರಿದರೆ ಆ ಗ್ರೂಪಿನಿಂದ ಹುಟ್ಟಿದ ಭಾಷೆ.

ಮಲಗಿದವರು ಎದ್ದರು. ಎಷ್ಟು ನೆನಪಿಡಬೇಕು ಎಂದು ಕೇಳಿದೆ. ನಾಲ್ಕೂ ಲೋಟ ಎಲ್ಲೆಲ್ಲಿವೆ ಎಂದು ನೆನಪಿಡಬೇಕು ಎಂದರು ಕೆಲವರು. ಕಣ್ಣು ಬಿಟ್ಟು ಮಲಗುವ ಹುಡುಗ ಮಾತ್ರ, ಬೀಜ ಎಲ್ಲಿ ಉಂಟು ಅಂತ ಗೊತ್ತಿದ್ರೆ ಸಾಕಲ್ವಾ ಮೇಡಮ್, ಬಾಕಿ ಲೋಟ ಕಟ್ಟಿಕೊಂಡು ಎಂತ ಮಾಡುದು ಎಂದ. ಅದೇ ಉತ್ತರ. ಬೀಜಕ್ಕೆ ನಾಲ್ಕು ಜಾಗ, ಯಂತ್ರಕ್ಕೆ ನಾಲ್ಕು ಸ್ಥಿತಿ. ಅಂದಿನಿಂದ ಆ ಹುಡುಗನನ್ನು ನಾನು ನಿದ್ದೆಯಿಂದ ಎಬ್ಬಿಸಲಿಲ್ಲ.

ಮುಂದಿನ ವರ್ಷಗಳಲ್ಲಿ ಪಾಠದ ರೀತಿ ಬದಲಾಗುತ್ತಲೇ ಹೋಯಿತು. ಮೊದಲು ಸೀಮೆಸುಣ್ಣದಲ್ಲಿ ದೊಡ್ಡ ಕೋಷ್ಟಕ ಎಳೆದು, ಯಾವ ಯಾವ ಸ್ಥಿತಿಗಳು ಬೇರೆ ಎಂದು ಗುರುತು ಹಾಕುತ್ತ ಮೊಣಕೈವರೆಗೆ ಬೆಳ್ಳಗಾಗುತ್ತಿದ್ದೆವು. ಆಮೇಲೆ ಪರದೆಯ ಮೇಲೆ ಚಿತ್ರ ಬಂತು, ಕರೆಂಟು ಹೋದರೆ ಪಾಠವೂ ಹೋಯಿತು. ಆಮೇಲೆ ಯಂತ್ರವನ್ನು ತಾನೇ ಚಿಕ್ಕದು ಮಾಡಿಕೊಡುವ ಪ್ರೋಗ್ರಾಮುಗಳು ಬಂದವು. ಈಗ ಮಕ್ಕಳು ಫೋನಿಗೆ ಪ್ರಶ್ನೆ ಕೇಳಿ ಉತ್ತರ ಹಿಡಿದುಕೊಂಡು ಬರುತ್ತಾರೆ. ಫೋನಿಗೆ ಸಂಕೋಚವೆಂಬುದಿಲ್ಲ, ಸರಿಯೋ ತಪ್ಪೋ ಒಂದೇ ಧ್ವನಿಯಲ್ಲಿ ಹೇಳುತ್ತದೆ. ನಾನು ಮಾತ್ರ ಲೋಟ ಬಿಡಲಿಲ್ಲ. ಕೊನೆಗೆ ಕ್ಯಾಂಟೀನಿನವರು ಬೇಸತ್ತು ನಾಲ್ಕು ಹಳೆಯ ಲೋಟಗಳನ್ನು ನನಗೇ ಕೊಟ್ಟುಬಿಟ್ಟರು.

ಆಮೇಲೆ ನಮಗೆ ಮುಖ್ಯಸ್ಥರಾಗಿ ಬಂದವರು ಕುಲಕರ್ಣಿ ಸರ್, ಧಾರವಾಡದ ಕಡೆಯವರು. ಬಹಳ ಓದಿದವರು, ಶಿಸ್ತಿನವರು. ಕಂಪ್ಯೂಟರಿನ ಮೇಲೆ ಅವರಿಗೆ ಇದ್ದ ನಂಬಿಕೆ ಮನುಷ್ಯರ ಮೇಲೆ ಇರಲಿಲ್ಲ. ಎಷ್ಟೋ ವರ್ಷ ನಮ್ಮಲ್ಲಿದ್ದರೂ ತುಳು ಅವರ ಕಿವಿಯ ಹೊರಗೇ ಉಳಿಯಿತು. ಒಮ್ಮೆ ಪ್ರಯೋಗಾಲಯದ ಪರೀಕ್ಷೆಯನ್ನು ಮುಂದೆ ಹಾಕಿದರು. ನೋಟಿಸು ಬರೆಯುವಷ್ಟು ಸಮಯವಿಲ್ಲದೆ ಅಟೆಂಡರನಿಗೆ ಬಾಯಿಮಾತಿನಲ್ಲಿ ಹೇಳಿದರು, ಒಂದು ವಾರ ಮುಂದೆ ಎಂದು. ಅವನು ಹೋಗಿ ಹುಡುಗರಿಗೆ ತುಳುವಿನಲ್ಲಿ 'ಒಂಜಿ ವಾರ ದುಂಬು' ಎಂದ.

ನಮ್ಮ ತುಳುವಿನಲ್ಲಿ ದುಂಬು ಎಂಬುದು ವಿಚಿತ್ರ ಮಾತು. ಬಸ್ಸಿನಲ್ಲಿ 'ದುಂಬು ಪೋಲೆ' ಎಂದರೆ ಎದುರಿಗೆ ಹೋಗಿ ಎಂದರ್ಥ. 'ದುಂಬುದ ಕಾಲ' ಎಂದರೆ ಕಳೆದುಹೋದ ಕಾಲ. ಮುಂದೆ ಎಂಬುದಕ್ಕೂ ಅದೇ, ಮೊದಲು ಎಂಬುದಕ್ಕೂ ಅದೇ. ಅರ್ಧ ತರಗತಿ ಒಂದು ವಾರ ಮೊದಲೇ ಬಂದು ಪ್ರಯೋಗಾಲಯದ ಬಾಗಿಲಲ್ಲಿ ನಿಂತಿತು. ಇನ್ನರ್ಧ ಊರಿಗೆ ಹೋಗಿ ಹಾಯಾಗಿತ್ತು. 'ಮುಂದ ಅಂದ್ರ ಮುಂದ, ಅದರಾಗ ತಿಳೀದಿರೂದು ಏನೈತ್ರಿ' ಎಂದು ಕುಲಕರ್ಣಿ ಸರ್ ತಲೆ ಚಚ್ಚಿಕೊಂಡರು. ನಾವು ಸ್ಟಾಫ್ ರೂಮಿನಲ್ಲಿ ವಾರವಿಡೀ ನಕ್ಕೆವು, ಆಮೇಲೆ ಮರೆತೆವು. ಮರೆತದ್ದು ಎಷ್ಟು ದುಬಾರಿಯಾಯಿತು ಎಂಬುದೇ ನಾನು ಹೇಳಹೊರಟ ಮುಖ್ಯ ಪ್ರಸಂಗ.

ನನ್ನ ಸೇವೆಯ ಕೊನೆಯ ವರ್ಷಗಳಲ್ಲಿ ಜುಲೇಖಾ ಎಂಬವಳು ನನ್ನ ಬಳಿ ಪಿಎಚ್‌.ಡಿ.ಗೆ ಸೇರಿದಳು. ಹೆಜಮಾಡಿಯವಳು, ಮನೆಮಾತು ಬ್ಯಾರಿ. ನಮ್ಮದೇ ಕಾಲೇಜಿನಲ್ಲಿ ತಾತ್ಕಾಲಿಕ ಉಪನ್ಯಾಸಕಿ. ಗಂಡ ಗಲ್ಫ್‌ನಲ್ಲಿ, ಇವಳು ಉಮ್ಮನ, ಅಂದರೆ ತಾಯಿಯ, ಜೊತೆ ಮನೆಯಲ್ಲಿ. ಮಾತು ಕಡಿಮೆ. ಆದರೆ ಒಂದು ಪ್ರಮೇಯಕ್ಕೆ ಸಾಧನೆ, ಅಂದರೆ ಪ್ರೂಫ್, ಬರೆದರೆ ಅದರಲ್ಲಿ ಒಂದು ಅಲ್ಪವಿರಾಮವನ್ನೂ ಅಲ್ಲಾಡಿಸಲು ಸಾಧ್ಯವಿಲ್ಲ. ಆ ಹುಡುಗಿಯ ಮೇಲೆ ನನಗೆ ಬಹಳ ಪ್ರೀತಿ, ಮುಚ್ಚಿಡುವುದೇಕೆ. ನನ್ನ ನಾಲ್ಕು ಲೋಟದ ಆಟವನ್ನು ಹಿಡಿದುಕೊಂಡು ಅವಳು ಎಷ್ಟು ಲೋಟವಾದರೂ, ಯಾವ ಗ್ರೂಪಾದರೂ ಕನಿಷ್ಠ ಯಂತ್ರಕ್ಕೆ ಎಷ್ಟು ಸ್ಥಿತಿ ಬೇಕು ಎಂದು ಹೇಳುವ ಒಂದು ಪ್ರಮೇಯ ಕಟ್ಟಿದಳು. ಮಹಾಪ್ರಬಂಧವೆಲ್ಲ ಆ ಒಂದು ಪ್ರಮೇಯದ ಮೇಲೆ ನಿಂತಿತ್ತು.

ಸಾಧನೆ ಸಾಲದು, ಕಂಪ್ಯೂಟರಿನಲ್ಲಿ ಪರೀಕ್ಷಿಸಿ ತೋರಿಸಿ ಎಂದು ಸಮಿತಿ ಕೇಳಿತು. ಸಮಿತಿಯ ಅಧ್ಯಕ್ಷರು ಕುಲಕರ್ಣಿ ಸರ್. ಪ್ರೋಗ್ರಾಮ್ ಬರೆಯುವ ಕೆಲಸವನ್ನು ನಮ್ಮ ಪ್ರಯೋಗಾಲಯದ ರಕ್ಷಿತ್‌ಗೆ ಒಪ್ಪಿಸಿದೆವು. ಕಾರ್ಕಳದ ಹುಡುಗ, ತುಳುವ, ಚುರುಕು. ಕೇಳಿದ್ದನ್ನು ಕೇಳಿದ ಹಾಗೆ ಮಾಡುತ್ತಾನೆ. ಜುಲೇಖಾ ಅವನ ಪಕ್ಕದಲ್ಲಿ ಕೂತು ಕನ್ನಡದಲ್ಲಿ ವಿವರಿಸಿದಳು, ಅವನು ಹೂಂಗುಟ್ಟುತ್ತ ಟೈಪ್ ಮಾಡಿದ. ಬರೇ 'ತಿರುಗು' ಇರುವ ಆಟಗಳನ್ನು ಮೊದಲು ಕೊಟ್ಟು ನೋಡಿದರು. ಅವಳ ಲೆಕ್ಕವೂ ನಾಲ್ಕು, ಅವನ ಪ್ರೋಗ್ರಾಮೂ ನಾಲ್ಕು. ಇಬ್ಬರೂ ಕ್ಯಾಂಟೀನಿಗೆ ಹೋಗಿ ಬನ್ಸ್ ತಿಂದು ಬಂದರು.

ಆಮೇಲೆ 'ಅದಲು' ಸೇರಿಸಿದರು. ಅವಳ ಲೆಕ್ಕ ನಾಲ್ಕೇ. ಪ್ರೋಗ್ರಾಮ್ ಆರು ಎಂದಿತು.

ಮತ್ತೆ ಓಡಿಸಿದರು, ಆರು. ಬೇರೆ ಕಂಪ್ಯೂಟರ್, ಆರು. ರಕ್ಷಿತ್ ತನ್ನ ಪ್ರೋಗ್ರಾಮನ್ನು ಸಾಲು ಸಾಲಾಗಿ ನನಗೆ ಓದಿ ತೋರಿಸಿದ. ಅದರಲ್ಲಿ ಒಂದು ತಪ್ಪೂ ನನಗೆ ಕಾಣಲಿಲ್ಲ, ಅವಳ ಸಾಧನೆಯಲ್ಲೂ ಕಾಣಲಿಲ್ಲ. ಸಮಿತಿಯ ಸಭೆಯಲ್ಲಿ ಕುಲಕರ್ಣಿ ಸರ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. 'ನೋಡ್ರಿ ವಾರಿಜಾ ಮೇಡಮ್, ಪ್ರೂಫ್ ಛಂದ ಅದ. ಆದ್ರ ಕಂಪ್ಯೂಟರ್ ಸುಳ್ಳು ಹೇಳೂದಿಲ್ಲ' ಎಂದರು. ಪ್ರಮೇಯವನ್ನು ತಿದ್ದಿ ತರಬೇಕು, ಇಲ್ಲವೇ ಕೈಬಿಡಬೇಕು. ನೋಂದಣಿಯ ಅವಧಿಯನ್ನು ಆಗಲೇ ವಿಸ್ತರಿಸಿ ಆಗಿತ್ತು, ಇನ್ನು ವಿಸ್ತರಿಸುವಂತಿರಲಿಲ್ಲ. ಮುಂದಿನ ಸಭೆಯಲ್ಲಿ ಒಪ್ಪಿಗೆ ಸಿಗದಿದ್ದರೆ ಅವಳ ಇಷ್ಟು ವರ್ಷದ ಕೆಲಸ ನೀರುಪಾಲು. ಪದವಿ ಇಲ್ಲದಿದ್ದರೆ ಉಪನ್ಯಾಸಕಿ ಕೆಲಸವೂ ಖಾಯಂ ಆಗುವುದಿಲ್ಲ, ತಾತ್ಕಾಲಿಕದ್ದೂ ಆ ವರ್ಷಕ್ಕೇ ಮುಗಿಯುತ್ತಿತ್ತು. ನಾನೂ ಅದೇ ವರ್ಷ ನಿವೃತ್ತಳಾಗುವವಳು.

ಸಭೆಯಿಂದ ಹೊರಗೆ ಬಂದ ಜುಲೇಖಾ ಅಳಲಿಲ್ಲ. ಅತ್ತಿದ್ದರೆ ನನಗೆ ಅಷ್ಟು ಹೆದರಿಕೆಯಾಗುತ್ತಿರಲಿಲ್ಲ. ರಜೆ ಹಾಕಿ ಮನೆಗೆ ಹೋದಳು, ಫೋನು ಎತ್ತಲಿಲ್ಲ. ಅವಳು ಏನು ಮಾಡುತ್ತಿರಬಹುದೆಂದು ನನಗೆ ಗೊತ್ತಿತ್ತು. ಪ್ರಾಮಾಣಿಕರು ತಮ್ಮನ್ನೇ ಮೊದಲು ಅನುಮಾನಿಸುತ್ತಾರೆ. ಪ್ರಮೇಯವನ್ನು ಬರೇ 'ತಿರುಗು' ಇರುವ ಗ್ರೂಪಿಗೆ ಸೀಮಿತಗೊಳಿಸಿದರೆ ಪ್ರೋಗ್ರಾಮಿಗೆ ಸರಿಹೊಂದುತ್ತದೆ. ಆದರೆ ಆಗ ಅದರಲ್ಲಿ ಉಳಿಯುವುದು ಎರಡನೇ ವರ್ಷದ ಮಕ್ಕಳ ಮನೆಲೆಕ್ಕ. ಅದನ್ನು ಹಿಡಿದುಕೊಂಡು ಹೋದರೆ ಪದವಿ ಸಿಗುವುದಿಲ್ಲ, ಸಿಕ್ಕಿದರೂ ಅವಳು ಇನ್ನು ತನ್ನ ಲೆಕ್ಕವನ್ನು ನಂಬುವುದಿಲ್ಲ. ಈ ಎರಡನೆಯದೇ ನನ್ನ ನಿಜವಾದ ಹೆದರಿಕೆ.

ಒಂದು ಶನಿವಾರ ಮಧ್ಯಾಹ್ನ ಕಾಲೇಜು ಮುಗಿಸಿ, ಕಾಪುವಿನಲ್ಲಿ ಇಳಿಯದೆ ನೇರ ಹೆಜಮಾಡಿಗೆ ಟಿಕೇಟು ತೆಗೆದೆ. ಕಂಡಕ್ಟರ್ ಹೊಸಬ, ಹಾವೇರಿಯ ಕಡೆಯ ಮಾತು. ಬಸ್ಸು ತುಂಬಿತ್ತು. ಎರ್ಮಾಳು ದಾಟಿದ ಕೂಡಲೇ ಎದುರು ಸೀಟಿನ ಮುದುಕರೊಬ್ಬರು ಎದ್ದು ನಿಂತರು. ತುಳುವರು, ಕಿಟಕಿಗೆ ತಲೆಯಾನಿಸಿ ತೂಕಡಿಸಿ ತಮ್ಮ ಸ್ಟಾಪು ತಪ್ಪಿಸಿಕೊಂಡಿದ್ದರು. ಕಂಡಕ್ಟರನಿಗೆ ತುಳು ಬಾರದೆಂದು ಕಂಡು ಕನ್ನಡದಲ್ಲಿ ಹೇಳಿದರು.

'ನನಗೆ ಮುಂದಿನ ಸ್ಟಾಪಿನಲ್ಲಿ ಇಳಿಯಲಿಕ್ಕಿತ್ತು.'

'ಮುಂದಿನ ಸ್ಟಾಪ್ ಇನ್ನಾ ಬಂದಿಲ್ಲ ಅಜ್ಜಾರ, ಕುಂದರ್ರಿ' ಎಂದ ಕಂಡಕ್ಟರ್.

ಅವರು ಕೂರಲಿಲ್ಲ. ಮುಂದಿನದ್ದು ಹೋಯಿತಲ್ಲ ಮಾರಾಯ, ನಿಲ್ಲಿಸು ಎಂದು ರೇಗಿದರು. ಬರದೇ ಇರುವುದು ಹೋಗುವುದು ಹೇಗೆ ಎಂದು ಕಂಡಕ್ಟರನಿಗೆ ಅರ್ಥವಾಗಲಿಲ್ಲ. ಸುತ್ತಲಿನವರು ನಗುತ್ತಿದ್ದರು. ನಾನೂ ನಕ್ಕೆ. ನಗುತ್ತಿದ್ದವಳು ಅರ್ಧಕ್ಕೇ ನಗು ನಿಲ್ಲಿಸಿದೆ. ಮುದುಕರು ತಲೆಯೊಳಗೆ ದುಂಬು ಎಂದುಕೊಂಡು, ಬಾಯಲ್ಲಿ ಮುಂದಿನ ಎಂದಿದ್ದರು. ಇಬ್ಬರೂ ಒಂದೇ ಮಾತು ಆಡುತ್ತಿದ್ದರು. ಒಬ್ಬರಿಗೆ ಅದು ಕಳೆದುಹೋದ ಸ್ಟಾಪು, ಇನ್ನೊಬ್ಬರಿಗೆ ಬರಲಿರುವ ಸ್ಟಾಪು. ಜುಲೇಖಾ ರಕ್ಷಿತ್‌ಗೆ ಕನ್ನಡದಲ್ಲಿ ವಿವರಿಸಿದ್ದು ನೆನಪಾಯಿತು. ಮುದುಕರು ಬೈಯುತ್ತ ಪಡುಬಿದ್ರಿಯಲ್ಲಿ ಇಳಿದುಹೋದರು. ಅವರನ್ನು ಕರೆದು ಕೈಮುಗಿಯಬೇಕಿತ್ತು ಎಂದು ಈಗಲೂ ಅನಿಸುತ್ತದೆ.

ಜುಲೇಖಾಳ ಮನೆಯಲ್ಲಿ ಅವಳ ಉಮ್ಮ ಬಾಗಿಲು ತೆರೆದರು. ನೀವಾದರೂ ಹೇಳಿ ಮೇಡಮ್, ಊಟ ಸಹ ಸರಿ ಮಾಡುದಿಲ್ಲ ಇವಳು ಎಂದು ಒಳಗೆ ಕರೆದು, ಪತ್ತಿರ್ ಎಂಬ ಅಕ್ಕಿರೊಟ್ಟಿ ಮತ್ತು ಚಹಾ ತಂದಿಟ್ಟರು. ಜುಲೇಖಾ ಮೇಜಿನ ಮುಂದೆ ಕೂತಿದ್ದಳು. ನಾನು ಅಂದುಕೊಂಡದ್ದೇ ಆಗಿತ್ತು. ಪ್ರಮೇಯದ ಮೊದಲ ಸಾಲಿಗೆ ಹೊಸ ನಿಬಂಧನೆ ಸೇರಿಸಿ ಬರೆದಾಗಿತ್ತು, ಸೋಮವಾರ ಕಳಿಸುವವಳಿದ್ದಳು.

ನಾನು ಕೂರುವ ಮೊದಲೇ ಕೇಳಿದೆ. 'ರಕ್ಷಿತ್‌ಗೆ ನೀನು ಎಂತ ಹೇಳಿದ್ದು? ಆ ದಿನ ಹೇಳಿದ ಅದೇ ಮಾತು ಹೇಳು, ಚಂದ ಮಾಡಲಿಕ್ಕೆ ಹೋಗಬೇಡ.'

ಅವಳು ಆ ದಿನದ ಮಾತನ್ನೇ ನೆನಪಿಸಿ ಹೇಳಿದಳು. 'ಎರಡು ಅಕ್ಷರ ಒಟ್ಟಿಗೆ ಬಂದರೆ ಮುಂದಿನ ಅಕ್ಷರದ್ದನ್ನು ಕೊನೆಗೆ ಮಾಡಿಸು ಅಂತ ಹೇಳಿದ್ದೆ ಮೇಡಮ್. ಅದರಲ್ಲಿ ಎಂತ ತಪ್ಪುಂಟು?'

ತಪ್ಪೇನೂ ಇರಲಿಲ್ಲ. ಒಂದೊಂದು ಅಪ್ಪಣೆಯೂ ಯಂತ್ರಕ್ಕೆ ಒಂದೊಂದು ಅಕ್ಷರ. ಮುಂದಿನ ಅಕ್ಷರ ಎಂದರೆ ಅವಳಿಗೆ ನಂತರ ಬರುವ ಅಕ್ಷರ. ನಾನು ಅಲ್ಲಿಂದಲೇ ರಕ್ಷಿತ್‌ಗೆ ಫೋನು ಮಾಡಿ, ಎರಡು ಅಕ್ಷರದಲ್ಲಿ ಮುಂದಿನದ್ದು ಅಂದರೆ ಯಾವುದು ಎಂದು ತುಳುವಿನಲ್ಲಿ ಕೇಳಿದೆ. 'ದುಂಬುದವು ಮೇಡಮ್, ಸುರುತ್ತವು' ಎಂದ. ಎದುರಿಗಿರುವುದು, ಮೊದಲನೆಯದು. ಮುಂದಿನ ಚಕ್ರ, ಮುಂದಿನ ಬಾಗಿಲು ಎನ್ನುವುದಿಲ್ಲವೇ, ಹಾಗೆ. ಫೋನನ್ನು ಜುಲೇಖಾಳ ಕಿವಿಗೆ ಹಿಡಿದೆ. ಅವನು ಇನ್ನೊಮ್ಮೆ ಕನ್ನಡದಲ್ಲಿ ಹೇಳಿದ. ಅವಳು ನನ್ನನ್ನೇ ನೋಡಿದಳು, ಆಮೇಲೆ ನಿಧಾನವಾಗಿ ಆ ತಿದ್ದಿದ ಹಾಳೆಯನ್ನು ಮಡಚಿ ಚಹಾದ ಲೋಟದ ಕೆಳಗೆ ಇಟ್ಟಳು. ಆಗ ಅತ್ತಳು. ಉಮ್ಮ ಗಾಬರಿಯಿಂದ ಓಡಿಬಂದರು. ಇದು ಒಳ್ಳೆಯ ಅಳು, ಬಿಡಿ ಎಂದೆ.

ನಡೆದದ್ದು ಇಷ್ಟು. ರಕ್ಷಿತ್‌ನ ಪ್ರೋಗ್ರಾಮ್ ಪ್ರತಿ ಸಾಲನ್ನೂ ಮೊದಲಿನಿಂದ ಓದುತ್ತಿತ್ತು, ಆದರೆ ಮೊದಲು ಓದಿದ ಅಪ್ಪಣೆಯನ್ನು ಕೊನೆಗೆ ನಡೆಸುವುದು ಎಂದು ತಿಳಿದಿತ್ತು. ಎಲ್ಲ ಮುಗಿದ ಕಥೆಯನ್ನು ಕೊನೆಯಿಂದ ಕೇಳಿದ ಹಾಗೆ. ಆಗ ಯಾಕೆ ಆರು ಸ್ಥಿತಿ ಬೇಕು ಎಂಬುದನ್ನು ಜುಲೇಖಾ ಅದೇ ಮೇಜಿನ ಮೇಲೆ, ಪತ್ತಿರ್ ಆರಿಹೋಗುವಷ್ಟರಲ್ಲಿ ಬರೆದು ಮುಗಿಸಿದಳು. ಬರೇ 'ತಿರುಗು' ಇದ್ದಾಗ ಎರಡೂ ಕಡೆಯಿಂದ ನಾಲ್ಕೇ ಬರುತ್ತದೆ. ಅದಕ್ಕೇ ಅಷ್ಟು ದಿನ ಗೊತ್ತಾಗದೆ ಉಳಿದದ್ದು.

ಸೋಮವಾರವೇ ಹೋಗಿ ಕುಲಕರ್ಣಿ ಸರ್‌ಗೆ ಹೇಳಿಬಿಡುವ ಎಂದು ನಾನು ಕುದಿಯುತ್ತಿದ್ದೆ. ಜುಲೇಖಾ ತಡೆದಳು. ಮಾತಿನಿಂದ ಆದ ತೊಂದರೆ, ಮತ್ತೆ ಮಾತಿನಲ್ಲಿ ಹೇಳಿದರೆ ಅವರಿಗೆ ನೆಪದ ಹಾಗೆ ಕೇಳುತ್ತದೆ, ಸಭೆಯಲ್ಲಿ ನಾನೇ ತೋರಿಸುತ್ತೇನೆ ಎಂದಳು. ರಕ್ಷಿತ್ ಮುಖ ಸಣ್ಣ ಮಾಡಿಕೊಂಡು ಅವಳ ಹತ್ತಿರ ಬಂದ. ನಿನ್ನ ಪ್ರೋಗ್ರಾಮನ್ನು ಹಾಗೆಯೇ ಇಡು, ಒಂದು ಸಾಲೂ ಅಳಿಸಬೇಡ, ನನಗೆ ಅದೂ ಬೇಕು ಎಂದಳಂತೆ. ಅವನಿಗೆ ಅದು ತಮಾಷೆಯೋ ನಿಜವೋ ತಿಳಿಯಲಿಲ್ಲ.

ಸಭೆಯ ದಿನ ಅವಳು ಕೈಚೀಲದಿಂದ ನಾಲ್ಕು ಲೋಟ ತೆಗೆದು ಸಾಲಾಗಿಟ್ಟಳು. ಸದಸ್ಯರೊಬ್ಬರು, ಚಹಾ ಈಗಲೇ ಬಂತಾ ಎಂದು ತಮಾಷೆ ಮಾಡಿದರು. ಅವಳು ನಗಲಿಲ್ಲ. ಮೊದಲ ಲೋಟದ ಕೆಳಗೆ ಬೀಜವಿಟ್ಟು, ಬೆರಳಿನಲ್ಲಿ ಬೀಜದ ಜಾಗವನ್ನು ಅನುಸರಿಸಬೇಕೆಂದು ಕುಲಕರ್ಣಿ ಸರ್ ಅವರನ್ನು ಕೇಳಿಕೊಂಡಳು. ತಿರುಗು, ಅದಲು, ತಿರುಗು ಎಂದು ಒಂದೊಂದಾಗಿ ಹೇಳಿದಳು. ಅವರ ಬೆರಳು ಎರಡನೇ ಜಾಗಕ್ಕೆ ಹೋಯಿತು, ಮೊದಲನೆಯದಕ್ಕೆ ಬಂತು, ಮತ್ತೆ ಎರಡನೆಯದಕ್ಕೆ ಹೋಗಿ ನಿಂತಿತು. ನಡುವಿನ ಜಾಗ, ಹೌದು. ಇದರಾಗೇನದ ಎಂಬಂತೆ ಅವರು ನನ್ನ ಕಡೆ ನೋಡಿದರು.

'ಈಗ ಲೋಟ ಮುಟ್ಟುವುದಿಲ್ಲ ಸರ್' ಎಂದಳು ಜುಲೇಖಾ. 'ಇದು ಬೇರೆ ಸಾಲು. ಕೊನೆಗೆ ಮಾಡಬೇಕಾದ್ದನ್ನು ಮೊದಲು ಹೇಳ್ತೇನೆ. ಹಾಗೆ ಹಿಂದಕ್ಕೆ ಹಿಂದಕ್ಕೆ ಹೋಗುವ. ಮೊದಲನೇ ಜಾಗದಿಂದ ಹೊರಟ ಬೀಜ ನಡುವಿಗೆ ಬರ್ತದಾ ಅಂತ ನೀವು ಹೇಳಬೇಕು.'

ಅವರು ಬೆರಳನ್ನು ಮೊದಲ ಲೋಟದ ಮೇಲಿಟ್ಟರು, ತೆಗೆದರು. ಕೊನೆಯ ಅಪ್ಪಣೆಯ ಹೊತ್ತಿಗೆ ಬೀಜ ಎಲ್ಲಿತ್ತೋ ಗೊತ್ತಿಲ್ಲವಲ್ಲ. ಕೊನೆಗೆ ಎಲ್ಲಿರಬೇಕು ಎಂಬುದಷ್ಟೇ ಗೊತ್ತು. ನಿಧಾನವಾಗಿ ಎರಡು ಬೆರಳುಗಳನ್ನು ನಡುವಿನ ಎರಡು ಲೋಟಗಳ ಮೇಲಿಟ್ಟರು. ಅವಳು ಒಂದೊಂದು ಅಪ್ಪಣೆ ಹೇಳಿದಂತೆ ಎರಡೂ ಬೆರಳುಗಳನ್ನು ಹಿಂದಕ್ಕೆ ಸರಿಸಿದರು. ಎಲ್ಲ ಮುಗಿದಾಗ ಒಂದು ಬೆರಳು ಕೊನೆಯ ಲೋಟದ ಮೇಲೆ, ಒಂದು ಬೆರಳು ಮೊದಲನೆಯದರ ಮೇಲೆ. ಮೊದಲನೆಯದರ ಮೇಲೆ ಬೆರಳಿದ್ದದ್ದರಿಂದ ಉತ್ತರ ಹೌದು.

'ಎರಡು ಬೆರಳು ಯಾಕೆ ಬೇಕಾಯ್ತು ಸರ್?' ಎಂದು ಮೆಲ್ಲಗೆ ಕೇಳಿದಳು.

ಕುಲಕರ್ಣಿ ಸರ್ ತಮ್ಮ ಕೈ ನೋಡಿಕೊಂಡರು. 'ನಾಕು ಲೋಟದ ಮ್ಯಾಲೆ ಎರಡು ಬಟ್ಟು' ಎಂದು ತಮ್ಮಷ್ಟಕ್ಕೆ ಹೇಳಿಕೊಂಡು, ಜೋಡಿಗಳನ್ನು ಎಣಿಸತೊಡಗಿದರು. ಎಣಿಸಿ ಮುಗಿಸಿ ತಲೆಯೆತ್ತಿದರು. 'ಆರು. ನಿನ್ನ ನಾಕೂ ಖರೆ, ಅವನ ಆರೂ ಖರೆ.' ಆಮೇಲೆ ಅವಳು ದುಂಬು ಮತ್ತು ಮುಂದಿನ ಕಥೆ ಹೇಳಿದಳು. ಹಳೆಯ ಪರೀಕ್ಷೆಯ ನೆನಪಾಗಿ ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನು ಅವರ ಮೇಲೆ ಎಷ್ಟೋ ದಿನದಿಂದ ಕಟ್ಟಿಕೊಂಡಿದ್ದ ಕೋಪವನ್ನು ಅಲ್ಲೇ ಬಿಟ್ಟೆ. ತಾವು ತಪ್ಪಿದ್ದನ್ನು ಒಪ್ಪಿಕೊಂಡು ಅಷ್ಟು ಜನರ ಎದುರು ನಗುವ ಅಧಿಕಾರಿಗಳನ್ನು ನನ್ನ ಸೇವೆಯಲ್ಲಿ ಹೆಚ್ಚು ಕಂಡಿಲ್ಲ.

ಪ್ರಮೇಯ ಉಳಿಯಿತು. ರಕ್ಷಿತ್‌ನ ಆರು ಕೂಡ ಉಳಿಯಿತು. ಒಂದೇ ಅದಲುಬದಲನ್ನು ಮೊದಲಿನಿಂದ ಓದುವ ಯಂತ್ರಕ್ಕೂ ಕೊನೆಯಿಂದ ಓದುವ ಯಂತ್ರಕ್ಕೂ ಯಾವಾಗ ಸಮನಾದ ನೆನಪು ಸಾಕು, ಯಾವಾಗ ಸಾಲದು ಎಂಬುದೇ ಮಹಾಪ್ರಬಂಧದ ಕೊನೆಯ ಅಧ್ಯಾಯವಾಯಿತು. ಅದೇ ಅಧ್ಯಾಯವನ್ನು ಪರೀಕ್ಷಕರು ಎಲ್ಲಕ್ಕಿಂತ ಹೆಚ್ಚು ಮೆಚ್ಚಿದರು. ಪದವಿ ಬಂದ ದಿನ ಉಮ್ಮ ಫೋನಿನಲ್ಲಿ, ಇನ್ನು ಮುಂದೆ ಇವಳಿಗೆ ಪರೀಕ್ಷೆ ಇಲ್ಲವಲ್ಲ ಮೇಡಮ್ ಎಂದು ಕೇಳಿದರು. ಮುಂದೆಯೂ ಇಲ್ಲ, ಹಿಂದೆಯೂ ಇಲ್ಲ, ಆರಾಮಲ್ಲಿರಿ ಎಂದೆ. ಅದಾದ ಮೇಲೆ ನಾನು ನಿವೃತ್ತಳಾದೆ. ಹಾರ ಹಾಕಿದರು, ಭಾಷಣ ಮಾಡಿದರು, ಆ ಫ್ಯಾನನ್ನು ಆಗಲಾದರೂ ಬದಲಿಸಿದರೋ ಗೊತ್ತಿಲ್ಲ. ಲೋಟಗಳನ್ನು ಜುಲೇಖಾಳಿಗೆ ಕೊಟ್ಟುಬಂದೆ.

ನಿವೃತ್ತಿಯಾದ ಮೇಲೆ ಗೊತ್ತಾಗುವುದೇನೆಂದರೆ, ನಾವೂ ಕೊನೆಯಿಂದಲೇ ಓದತೊಡಗುತ್ತೇವೆ. ಕೆಲಸದಲ್ಲಿದ್ದಾಗ ಇವತ್ತು ಎಲ್ಲಿದ್ದೇನೆ ಎಂದು ಗೊತ್ತಿದ್ದರೆ ಸಾಕಾಗುತ್ತಿತ್ತು. ಈಗ ಹಿಂದಕ್ಕೆ ಹೋಗುವಾಗ, ಹೀಗೂ ಇದ್ದಿರಬಹುದು, ಹಾಗೂ ಇದ್ದಿರಬಹುದು ಎಂದು ಎರಡೆರಡು ಕಡೆ ಬೆರಳಿಟ್ಟುಕೊಳ್ಳಬೇಕು. ನಾನು ಸೊನ್ನೆ ಹಾಕಿದ ಉತ್ತರಗಳಲ್ಲಿ ಎಷ್ಟು ನಿಜವಾಗಿ ತಪ್ಪಿದ್ದವು, ಎಷ್ಟು ಬರೇ ಇನ್ನೊಂದು ಕಡೆಯಿಂದ ಬಂದಿದ್ದವು ಎಂದು ಈಗ ಯಾರನ್ನು ಕೇಳಲಿ. ಹೊಸಬರಿಗೆ ಇದನ್ನು ಬರೆದಿಡಬೇಕು ಅನಿಸಿದ್ದು ಅದಕ್ಕೇ.

ಮೊನ್ನೆ ಜುಲೇಖಾ ಕರೆದಳು. ಅವಳ ಕೆಲಸ ಖಾಯಂ ಆಗಿದೆ, ಆಟೋಮಾಟಾ ಪಾಠ ಅವಳ ತಲೆಗೇ ಬಂದಿದೆ. ಒಂದು ದಿನ ಬಂದು ಕೊನೆಯ ಬೆಂಚಿನಲ್ಲಿ ಕೂತ್ಕೊಳ್ಳಿ ಮೇಡಮ್ ಎಂದಳು. ಹೋದೆ. ಅದೇ ಊಟದ ನಂತರದ ತರಗತಿ. ಬೋರ್ಡಿನ ಮೇಲೆ ನಾಲ್ಕು ಲೋಟದ ಚಿತ್ರ ಬರೆದು, ಎಷ್ಟು ಸ್ಥಿತಿ ಎಂದು ಕೇಳಿದಳು. ನಾಲ್ಕು ಎಂದು ಎಲ್ಲರೂ ಒಟ್ಟಿಗೆ ಕೂಗಿದರು, ಕೆಲವರು ಫೋನು ನೋಡಿಕೊಂಡು. ಕಿಟಕಿಯ ಕಡೆಯಿಂದ ಒಬ್ಬ ಹುಡುಗ ಮಾತ್ರ ಅಂಜುತ್ತ ಎದ್ದು ನಿಂತ.

'ನನಗೆ ಆರು ಬಂತು ಮೇಡಮ್.'

ತರಗತಿ ಗೊಳ್ಳೆಂದು ನಕ್ಕಿತು. ನಾನಾಗಿದ್ದರೆ ಮೊದಲ ವರ್ಷ ಕುಳಿತುಕೋ ಎಂದುಬಿಡುತ್ತಿದ್ದೆ. ಜುಲೇಖಾ ಸೀಮೆಸುಣ್ಣ ಕೆಳಗಿಟ್ಟು, ಅವನ ಕಡೆಗೆ ಪೂರ್ತಿ ತಿರುಗಿದಳು.

'ನೀನು ಯಾವ ಕಡೆಯಿಂದ ಓದಿದ್ದು?'

'ಮುಂದಿನಿಂದ' ಎಂದ ಹುಡುಗ.

ಅವಳು ಒಂದು ಕ್ಷಣ ಕೊನೆಯ ಬೆಂಚಿನ ಕಡೆ ನೋಡಿದಳು. ಮುಂದೆ ಅಂದರೆ ಯಾವುದು, ಇಲ್ಲಿ ಬಂದು ತೋರಿಸು ಎಂದು ಅವನನ್ನು ಕರೆದಳು. ಹುಡುಗ ಬೆಂಚುಗಳ ನಡುವಿನಿಂದ ನಡೆದು ಬೋರ್ಡಿನ ಹತ್ತಿರ ಹೋದ. ಚಿತ್ರ ನೋಡಿ, ನಡುವಿನ ಎರಡು ಲೋಟಗಳ ಮೇಲೆ ಎರಡು ಬೆರಳು ಇಟ್ಟ. ತರಗತಿ ನಗುವುದನ್ನು ನಿಲ್ಲಿಸಿತು.